ಮೊಡವೆಗೆ ಸಿಬಿಡಿ: ಕೊಳ್ಳುವುದರಿಂದ ನಿಲ್ಲಿಸುವವರೆಗಿನ ಕ್ರಮ

ಗಾಂಜಾ ಗಿಡದಿಂದ ದೊರೆಯುವ ಸಿಬಿಡಿ ಎಂಬ ವಸ್ತುವನ್ನು ಹಚ್ಚಿದರೆ ಮೊಡವೆ ವಾಸಿಯಾಗುತ್ತದೆಯೇ, ವಾಸಿಯಾಗುವುದಾದರೆ ಎಂತಹ ಬಾಟಲಿಯನ್ನು ಕೊಳ್ಳಬೇಕು, ದಿನಕ್ಕೆ ಎಷ್ಟು ಹನಿ ಹಚ್ಚಬೇಕು, ಈಗ ಹಚ್ಚುತ್ತಿರುವ ಔಷಧವನ್ನು ಬಿಡಬಹುದೇ ಎಂಬ ಪ್ರಶ್ನೆಗಳನ್ನು ಓದುಗರು ಮೇಲಿಂದ ಮೇಲೆ ಕೇಳುತ್ತಿದ್ದಾರೆ. ಕೊನೆಯ ಪ್ರಶ್ನೆಗೆ ಮೊದಲೇ ಉತ್ತರ ಹೇಳಿಬಿಡುತ್ತೇನೆ: ಬಿಡಬೇಡಿ. ಉಳಿದ ಪ್ರಶ್ನೆಗಳಿಗೆ ಸ್ವಲ್ಪ ವಿವರವಾದ ಉತ್ತರ ಬೇಕು, ಏಕೆಂದರೆ ಸಿಬಿಡಿಯ ಬಗ್ಗೆ ಪ್ರಯೋಗಾಲಯದಲ್ಲಿ ಕಂಡುಬಂದ ಸಂಗತಿಗೂ ಬಾಟಲಿಯ ಮೇಲೆ ಮುದ್ರಿತವಾಗಿರುವ ಭರವಸೆಗೂ ನಡುವೆ ದೊಡ್ಡ ಅಂತರವಿದೆ, ಮತ್ತು ಆ ಅಂತರದಲ್ಲಿಯೇ ಹೆಚ್ಚಿನವರು ಹಣವನ್ನೂ ಚರ್ಮದ ಆರೋಗ್ಯವನ್ನೂ ಕಳೆದುಕೊಳ್ಳುತ್ತಾರೆ. ಈ ಲೇಖನ ಲಘು ಅಥವಾ ಮಧ್ಯಮ ಪ್ರಮಾಣದ ಮೊಡವೆ ಇರುವ, ಸಿಬಿಡಿಯನ್ನು ಒಮ್ಮೆ ಎಚ್ಚರದಿಂದ ಪ್ರಯತ್ನಿಸಿ ನೋಡಬೇಕೆಂದಿರುವ ವಯಸ್ಕರಿಗಾಗಿ ಬರೆದದ್ದು.

ಸಿಬಿಡಿ ಎಂದರೇನು, ಮೊಡವೆಗೂ ಅದಕ್ಕೂ ಏನು ಸಂಬಂಧ

ಸಿಬಿಡಿ ಎಂಬುದು ಕ್ಯಾನಬಿಡಯಾಲ್ ಎಂಬ ರಾಸಾಯನಿಕದ ಹ್ರಸ್ವರೂಪ. ಗಾಂಜಾ ಗಿಡದಲ್ಲಿ ನೂರಕ್ಕೂ ಹೆಚ್ಚು ಕ್ಯಾನಬಿನಾಯ್ಡ್‌ಗಳಿವೆ. ಅಂದರೆ ಮುಖ್ಯವಾಗಿ ಆ ಗಿಡದಲ್ಲಿ ಕಾಣಸಿಗುವ ಒಂದು ಬಗೆಯ ಸಂಯುಕ್ತಗಳಿವೆ. ಅವುಗಳಲ್ಲಿ ಇದೂ ಒಂದು. 1940ರಲ್ಲಿ ಅಮೆರಿಕದ ರಸಾಯನ ವಿಜ್ಞಾನಿ ರೋಜರ್ ಆಡಮ್ಸ್ ಮತ್ತು ಸಂಗಡಿಗರು ಇದನ್ನು ಗಿಡದಿಂದ ಬೇರ್ಪಡಿಸಿದರು. ಇದರ ನಿಖರವಾದ ರಚನೆಯನ್ನು 1963ರಲ್ಲಿ ರಾಫೆಲ್ ಮೆಶುಲಾಮ್ ಅವರ ತಂಡ ತೋರಿಸಿಕೊಟ್ಟಿತು. ಅಮಲೇರಿಸುವುದು ಅದೇ ಗಿಡದ ಟಿಎಚ್‌ಸಿ ಎಂಬ ಬೇರೊಂದು ಸಂಯುಕ್ತ. ಸಿಬಿಡಿಗೆ ಅಮಲೇರಿಸುವ ಗುಣವಿಲ್ಲ.

ಮೊಡವೆ ಹುಟ್ಟುವುದಕ್ಕೆ ನಾಲ್ಕು ಸಂಗತಿಗಳು ಕೂಡಿಬರಬೇಕು. ಚರ್ಮದಡಿಯ ಎಣ್ಣೆ ಗ್ರಂಥಿಗಳು ಅಗತ್ಯಕ್ಕಿಂತ ಹೆಚ್ಚು ಜಿಡ್ಡನ್ನು ಸ್ರವಿಸುತ್ತವೆ. ಈ ಜಿಡ್ಡಿಗೆ ಸೀಬಮ್ ಎಂದು ಹೆಸರು. ರೋಮಕೂಪದ ಒಳಗೋಡೆಯ ಸತ್ತ ಕೋಶಗಳು ಉದುರಿಹೋಗದೆ ಅಂಟಿಕೊಂಡು ಬಾಯಿ ಮುಚ್ಚುತ್ತವೆ. ಅಲ್ಲಿಯೇ ವಾಸವಾಗಿರುವ ಕ್ಯುಟಿಬ್ಯಾಕ್ಟೀರಿಯಂ ಆಕ್ನೆಸ್ ಎಂಬ ಬ್ಯಾಕ್ಟೀರಿಯ ಆ ಮುಚ್ಚಿದ ಜಾಗದಲ್ಲಿ ವೃದ್ಧಿಯಾಗುತ್ತದೆ. ಇದೆಲ್ಲದರ ಜೊತೆಗೆ ಉರಿಯೂತ, ಅಂದರೆ ಕೆಂಪು, ಬಾವು, ನೋವು ಸೇರಿಕೊಳ್ಳುತ್ತದೆ. ಒಂದು ಔಷಧ ಪರಿಣಾಮಕಾರಿಯಾಗಬೇಕಾದರೆ ಈ ನಾಲ್ಕರಲ್ಲಿ ಕನಿಷ್ಠ ಒಂದನ್ನಾದರೂ ಹಿಡಿತಕ್ಕೆ ತರಬೇಕು.

ಸಿಬಿಡಿಯ ಹೆಸರು ಮೊಡವೆಯ ಜೊತೆ ಸೇರಿಕೊಂಡದ್ದು ಮುಖ್ಯವಾಗಿ 2014ರಲ್ಲಿ ಪ್ರಕಟವಾದ ಒಂದು ಅಧ್ಯಯನದಿಂದ. ಹಂಗೆರಿಯ ಡೆಬ್ರೆಸೆನ್ ವಿಶ್ವವಿದ್ಯಾಲಯದ ಸಂಶೋಧಕರು ಮಾನವನ ಎಣ್ಣೆ ಗ್ರಂಥಿಯ ಕೋಶಗಳನ್ನು ಪ್ರಯೋಗಾಲಯದಲ್ಲಿ ಬೆಳೆಸಿ, ಮೊಡವೆಯಲ್ಲಿ ಕಾಣುವಂತಹ ಅತಿಯಾದ ಜಿಡ್ಡಿನ ಉತ್ಪಾದನೆಯನ್ನು ಅವುಗಳಲ್ಲಿ ಕೃತಕವಾಗಿ ಪ್ರಚೋದಿಸಿದರು. ಸಿಬಿಡಿ ಸೇರಿಸಿದಾಗ ಆ ಉತ್ಪಾದನೆ ಸಹಜ ಮಟ್ಟಕ್ಕೆ ಇಳಿಯಿತು, ಕೋಶಗಳು ಸಂಖ್ಯೆಯಲ್ಲಿ ವೃದ್ಧಿಯಾಗುವುದು ತಗ್ಗಿತು, ಉರಿಯೂತದ ಸೂಚಕಗಳೂ ಕಡಿಮೆಯಾದವು. ಇದು ನಿಜವಾಗಿಯೂ ಉತ್ತಮ ಗುಣಮಟ್ಟದ ಅಧ್ಯಯನ, ಮತ್ತು ಅದರ ಫಲಿತಾಂಶ ಆಸೆ ಹುಟ್ಟಿಸುವಂಥದ್ದೇ. ಆದರೆ ಗಾಜಿನ ತಟ್ಟೆಯಲ್ಲಿ ಕೋಶಗಳ ಮೇಲೆ ನೇರವಾಗಿ ಸುರಿದ ವಸ್ತು ಅವುಗಳನ್ನು ತಲುಪಿಯೇ ತಲುಪುತ್ತದೆ. ಮುಖಕ್ಕೆ ಹಚ್ಚಿದ ವಸ್ತು ಚರ್ಮದ ಹೊರಪದರವನ್ನು ದಾಟಿ, ರೋಮಕೂಪದೊಳಗೆ ಇಳಿದು, ಸಾಕಷ್ಟು ಪ್ರಮಾಣದಲ್ಲಿ ಗ್ರಂಥಿಯನ್ನು ಮುಟ್ಟಬೇಕು.

ಮನುಷ್ಯರ ಮೇಲೆ ನಡೆದ ಪ್ರಮುಖ ಪರೀಕ್ಷೆಯ ಫಲಿತಾಂಶ 2019ರಲ್ಲಿ ಹೊರಬಿತ್ತು. ಬೊಟಾನಿಕ್ಸ್ ಎಂಬ ಔಷಧ ಸಂಸ್ಥೆ ಮುನ್ನೂರಕ್ಕೂ ಹೆಚ್ಚು ಮೊಡವೆ ರೋಗಿಗಳಿಗೆ 12 ವಾರ ಕಾಲ ಸಿಬಿಡಿ ದ್ರಾವಣವನ್ನು ಹಚ್ಚಿಸಿ ನೋಡಿತು. ಅದರಲ್ಲಿ ಅತಿ ಹೆಚ್ಚಿನ ಸಾಂದ್ರತೆ ಶೇ. 5. ಸಿಬಿಡಿ ಹಚ್ಚಿಕೊಂಡವರಲ್ಲಿ ಮೊಡವೆ ಕಡಿಮೆಯಾಯಿತು, ಆದರೆ ಸಿಬಿಡಿ ಇಲ್ಲದ ಬರಿಯ ದ್ರಾವಣವನ್ನು ಹಚ್ಚಿಕೊಂಡವರಲ್ಲಿಯೂ ಹೆಚ್ಚುಕಡಿಮೆ ಅಷ್ಟೇ ಕಡಿಮೆಯಾಯಿತು. ಹೀಗಾಗಿ ಪರೀಕ್ಷೆಯ ಮುಖ್ಯ ಗುರಿ ಈಡೇರಲಿಲ್ಲ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಶುದ್ಧ ಸಿಬಿಡಿಯ ಔಷಧವೊಂದಕ್ಕೆ 2018ರಲ್ಲಿ ಅನುಮತಿ ಕೊಟ್ಟಿತು. ಅದು ಅಪರೂಪದ ಅಪಸ್ಮಾರಗಳಿಗೆ ಕುಡಿಯುವ ಔಷಧ, ಮೊಡವೆಗೂ ಅದಕ್ಕೂ ಸಂಬಂಧವಿಲ್ಲ.

ಇಷ್ಟನ್ನು ತಿಳಿದ ಮೇಲೆಯೂ ಪ್ರಯತ್ನಿಸುವುದರಲ್ಲಿ ತಪ್ಪೇನೂ ಇಲ್ಲ, ಏಕೆಂದರೆ ಶುದ್ಧವಾದ ಸಿಬಿಡಿಯನ್ನು ಚರ್ಮಕ್ಕೆ ಹಚ್ಚಿದಾಗ ಬಹುಪಾಲು ಜನರಿಗೆ ಅದು ಹಿತವಾಗಿಯೇ ಇರುತ್ತದೆ. ಅದನ್ನು ಪ್ರಮಾಣಿತ ಚಿಕಿತ್ಸೆಯ ಪಕ್ಕದಲ್ಲಿ ಇಡಿ, ಅದರ ಜಾಗದಲ್ಲಿ ಇಡಬೇಡಿ.

ಯಾರು ಪ್ರಯತ್ನಿಸಬಾರದು

ಗರ್ಭಿಣಿಯರು ಮತ್ತು ಹಾಲೂಡಿಸುವ ತಾಯಂದಿರು ಸಿಬಿಡಿಯನ್ನು ಯಾವ ರೂಪದಲ್ಲಿಯೂ ಬಳಸದಿರುವುದು ಒಳ್ಳೆಯದು. ಹದಿನೆಂಟು ವರ್ಷದೊಳಗಿನವರಿಗೆ ವೈದ್ಯರ ಸಲಹೆಯಿಲ್ಲದೆ ಇದನ್ನು ಹಚ್ಚಬಾರದು. ಹದಿಹರೆಯದ ಮೊಡವೆಗೆ ಚೆನ್ನಾಗಿ ಪರೀಕ್ಷಿತವಾದ ಔಷಧಗಳು ಬೇಕಾದಷ್ಟಿವೆ. ಮುಖದಲ್ಲಿ ಆಳವಾದ, ಮುಟ್ಟಿದರೆ ನೋಯುವ ಗಂಟು ಮೊಡವೆಗಳಿದ್ದರೆ, ಅಥವಾ ಮೊಡವೆ ಹೋದ ಜಾಗದಲ್ಲಿ ಗುಳಿ ಬೀಳುತ್ತಿದ್ದರೆ, ಈ ಲೇಖನವನ್ನು ಇಲ್ಲಿಗೇ ನಿಲ್ಲಿಸಿ ಚರ್ಮವೈದ್ಯರನ್ನು ಕಾಣಿ. ಅಂತಹ ಮೊಡವೆಯಲ್ಲಿ ಕಳೆದುಹೋದ ಮೂರು ತಿಂಗಳು ಎಂದರೆ ಜೀವಮಾನವಿಡೀ ಉಳಿಯುವ ಗುರುತುಗಳು.

ಏನೇನು ಬೇಕು

ಸಾಂದ್ರತೆ ಮತ್ತು ಪರೀಕ್ಷಾ ವರದಿ ಎರಡೂ ಸ್ಪಷ್ಟವಾಗಿರುವ ಒಂದು ಸಿಬಿಡಿ ಸೀರಮ್ ಅಥವಾ ಎಣ್ಣೆ, ಸುವಾಸನೆಯಿಲ್ಲದ ಮೃದುವಾದ ಫೇಸ್‌ವಾಶ್, ಜಿಡ್ಡಿಲ್ಲದ ಮಾಯಿಶ್ಚರೈಸರ್, ಕನಿಷ್ಠ ಎಸ್‌ಪಿಎಫ್ 30 ಇರುವ ಸನ್‌ಸ್ಕ್ರೀನ್, ಒಂದು ಪುಟ್ಟ ಪುಸ್ತಕ, ಮತ್ತು ಸುಮಾರು 14 ವಾರಗಳ ತಾಳ್ಮೆ.

1. ಅದು ಮೊಡವೆಯೇ ಎಂದು ಖಚಿತಪಡಿಸಿಕೊಳ್ಳಿ

ಈ ಹಂತವನ್ನು ಬಹುತೇಕ ಎಲ್ಲರೂ ಹಾರಿಬಿಡುತ್ತಾರೆ. ಮೊಡವೆಯಲ್ಲಿ ಬೇರೆ ಬೇರೆ ಗಾತ್ರದ, ಬೇರೆ ಬೇರೆ ಬಗೆಯ ಗುಳ್ಳೆಗಳು ಒಟ್ಟಿಗೇ ಇರುತ್ತವೆ: ಬಾಯಿ ತೆರೆದು ಕಪ್ಪಾಗಿ ಕಾಣುವ ಬ್ಲ್ಯಾಕ್‌ಹೆಡ್, ಬಾಯಿ ಮುಚ್ಚಿದ ವೈಟ್‌ಹೆಡ್, ಕೆಂಪು ಗುಳ್ಳೆ, ಕೀವು ತುಂಬಿದ ಗುಳ್ಳೆ. ಹಣೆ, ಎದೆ ಅಥವಾ ಬೆನ್ನಿನ ಮೇಲೆ ಒಂದೇ ಗಾತ್ರದ ಸಣ್ಣ ಗುಳ್ಳೆಗಳು ಗುಂಪಾಗಿ ಎದ್ದು ತುರಿಸುತ್ತಿದ್ದರೆ ಅದು ಮಲಸೇಜಿಯ ಎಂಬ ಶಿಲೀಂಧ್ರದಿಂದ ಬರುವ ರೋಮಕೂಪದ ಸೋಂಕು ಆಗಿರಬಹುದು. ಈ ಶಿಲೀಂಧ್ರಕ್ಕೆ ಕೊಬ್ಬಿನಾಮ್ಲಗಳೇ ಆಹಾರ. ಆದ್ದರಿಂದ ಎಣ್ಣೆಯಲ್ಲಿ ಕರಗಿಸಿದ ಸಿಬಿಡಿಯನ್ನು ಅದರ ಮೇಲೆ ಹಚ್ಚಿದರೆ ತೊಂದರೆ ಹೆಚ್ಚಾಗುವ ಸಾಧ್ಯತೆಯೇ ಹೆಚ್ಚು. ಕೆನ್ನೆ ಮತ್ತು ಮೂಗಿನ ಸುತ್ತ ಬಿಡದೆ ಉಳಿಯುವ ಕೆಂಪು, ಬಿಸಿ ತಾಗಿದರೆ ಉರಿಯುವ ಚರ್ಮ, ಆದರೆ ಬ್ಲ್ಯಾಕ್‌ಹೆಡ್‌ಗಳೇ ಇಲ್ಲ ಎಂದಾದರೆ ಅದು ರೋಸೇಶಿಯ ಎಂಬ ಬೇರೆ ಕಾಯಿಲೆಯಾಗಿರಬಹುದು. ಸಂದೇಹವಿದ್ದರೆ ಒಮ್ಮೆ ವೈದ್ಯರಿಗೆ ತೋರಿಸಿ.

2. ಬಾಟಲಿಯನ್ನು ಓದಿ

ಈ ಹಂತಕ್ಕೆ ಹೆಚ್ಚು ಸಮಯ ಕೊಡಿ, ಏಕೆಂದರೆ ಸಿಬಿಡಿಯ ವಿಷಯದಲ್ಲಿ ಹೆಚ್ಚಿನ ತಪ್ಪುಗಳು ಮುಖದ ಮೇಲೆ ನಡೆಯುವುದಕ್ಕಿಂತ ಮೊದಲೇ, ಕೊಳ್ಳುವ ಹೊತ್ತಿನಲ್ಲಿಯೇ ನಡೆದುಹೋಗುತ್ತವೆ.

ಮೊದಲನೆಯದಾಗಿ, ಹೆಂಪ್ ಬೀಜದ ಎಣ್ಣೆ ಬೇರೆ, ಸಿಬಿಡಿ ಎಣ್ಣೆ ಬೇರೆ. ಅಮಲಿನ ಅಂಶ ಅತ್ಯಲ್ಪವಾಗಿರುವ ಗಾಂಜಾ ತಳಿಗೆ ಹೆಂಪ್ ಎಂದು ಹೆಸರು. ಅದರ ಬೀಜವನ್ನು ಹಿಂಡಿ ತೆಗೆದ ಎಣ್ಣೆಯಲ್ಲಿ ಲಿನೋಲಿಯಿಕ್ ಆಮ್ಲ ಹೇರಳವಾಗಿದೆ, ಚರ್ಮಕ್ಕೆ ಅದು ಹಿತವೂ ಹೌದು, ಆದರೆ ಸಿಬಿಡಿ ಇಲ್ಲವೆನ್ನುವಷ್ಟು ಕಡಿಮೆ. ಸಿಬಿಡಿ ಮುಖ್ಯವಾಗಿ ದೊರೆಯುವುದು ಹೂವು ಮತ್ತು ಎಲೆಗಳಿಂದ. ಬಾಟಲಿಯ ಮುಂಭಾಗದಲ್ಲಿ ಎಲೆಯ ಚಿತ್ರ ಎಷ್ಟೇ ದೊಡ್ಡದಾಗಿರಲಿ, ಹಿಂಭಾಗದ ಘಟಕಗಳ ಪಟ್ಟಿಯಲ್ಲಿ ಕ್ಯಾನಬಿಡಯಾಲ್ ಎಂಬ ಹೆಸರು ಇದೆಯೇ ನೋಡಿ. ಕ್ಯಾನಬಿಸ್ ಸಟೈವಾ ಸೀಡ್ ಆಯಿಲ್ ಎಂದಷ್ಟೇ ಇದ್ದರೆ ನೀವು ಕೊಳ್ಳುತ್ತಿರುವುದು ಬೀಜದ ಎಣ್ಣೆ.

ಎರಡನೆಯದು ಲೆಕ್ಕ. ಬಾಟಲಿಯ ಮೇಲೆ ಮಿಲಿಗ್ರಾಂಗಳ ದೊಡ್ಡ ಸಂಖ್ಯೆಯನ್ನು ಮುದ್ರಿಸಿರುತ್ತಾರೆ, ಆದರೆ ಚರ್ಮಕ್ಕೆ ಮುಖ್ಯವಾದದ್ದು ಸಾಂದ್ರತೆ. ಒಟ್ಟು ಮಿಲಿಗ್ರಾಂಗಳನ್ನು ಮಿಲಿಲೀಟರ್‌ಗಳಿಂದ ಭಾಗಿಸಿ, ಬಂದದ್ದನ್ನು ಮತ್ತೆ ಹತ್ತರಿಂದ ಭಾಗಿಸಿದರೆ ಶೇಕಡಾವಾರು ಪ್ರಮಾಣ ಸಿಗುತ್ತದೆ. 30 ಮಿ.ಲೀ. ಬಾಟಲಿಯಲ್ಲಿ 300 ಮಿ.ಗ್ರಾಂ. ಸಿಬಿಡಿ ಇದ್ದರೆ ಮಿಲಿಲೀಟರಿಗೆ 10 ಮಿ.ಗ್ರಾಂ., ಅಂದರೆ ಸುಮಾರು ಶೇ. 1. ಮೇಲೆ ಹೇಳಿದ ಪರೀಕ್ಷೆಯ ಶೇ. 5ರ ಸಾಂದ್ರತೆ ಬೇಕೆಂದರೆ ಅದೇ 30 ಮಿ.ಲೀ.ನಲ್ಲಿ 1500 ಮಿ.ಗ್ರಾಂ. ಇರಬೇಕು. ಅಷ್ಟು ಸಾಂದ್ರತೆಯೂ ಆ ಪರೀಕ್ಷೆಯಲ್ಲಿ ಬರಿಯ ದ್ರಾವಣವನ್ನು ಗೆಲ್ಲಲಿಲ್ಲ ಎಂಬುದನ್ನು ನೆನಪಿನಲ್ಲಿಟ್ಟುಕೊಂಡರೆ, 30 ಮಿ.ಲೀ.ನಲ್ಲಿ 50 ಮಿ.ಗ್ರಾಂ. ಇರುವ ಕ್ರೀಮಿನಿಂದ ಏನನ್ನು ನಿರೀಕ್ಷಿಸಬಹುದು ಎಂಬುದು ನಿಮಗೇ ತಿಳಿಯುತ್ತದೆ.

ಮೂರನೆಯದು ಸಾರದ ಬಗೆ. ಐಸೊಲೇಟ್ ಎಂದರೆ ಬೇರೆಲ್ಲವನ್ನೂ ತೆಗೆದ ಶುದ್ಧ ಸಿಬಿಡಿ. ಬ್ರಾಡ್ ಸ್ಪೆಕ್ಟ್ರಮ್ ಎಂದರೆ ಗಿಡದ ಇತರ ಸಂಯುಕ್ತಗಳನ್ನು ಉಳಿಸಿಕೊಂಡು ಟಿಎಚ್‌ಸಿಯನ್ನು ಮಾತ್ರ ತೆಗೆದದ್ದು. ಫುಲ್ ಸ್ಪೆಕ್ಟ್ರಮ್ ಎಂದರೆ ಅಲ್ಪ ಪ್ರಮಾಣದ ಟಿಎಚ್‌ಸಿಯೂ ಸೇರಿದಂತೆ ಎಲ್ಲವೂ ಇರುವಂಥದ್ದು. ಎಲ್ಲ ಸಂಯುಕ್ತಗಳೂ ಒಟ್ಟಿಗಿದ್ದರೆ ಪರಿಣಾಮ ಹೆಚ್ಚು ಎಂದು ಮಾರಾಟಗಾರರು ಹೇಳುತ್ತಾರೆ. ಮೊಡವೆಯ ಮಟ್ಟಿಗೆ ನಾನು ಇದನ್ನು ಒಪ್ಪುವುದಿಲ್ಲ. ಹಂಗೆರಿಯ ಅದೇ ತಂಡ 2016ರಲ್ಲಿ ಬೇರೆ ಕ್ಯಾನಬಿನಾಯ್ಡ್‌ಗಳನ್ನೂ ಎಣ್ಣೆ ಗ್ರಂಥಿಯ ಕೋಶಗಳ ಮೇಲೆ ಪರೀಕ್ಷಿಸಿದಾಗ, ಸಿಬಿಜಿ ಎಂಬ ಸಂಯುಕ್ತ ಜಿಡ್ಡಿನ ಉತ್ಪಾದನೆಯನ್ನು ಕಡಿಮೆ ಮಾಡುವ ಬದಲು ಹೆಚ್ಚಿಸಿದ್ದು ಕಂಡುಬಂತು. ಅದು ಒಣಚರ್ಮದವರಿಗೆ ಉಪಯುಕ್ತವಾಗಬಹುದೇ ಹೊರತು ಜಿಡ್ಡುಚರ್ಮದವರಿಗೆ ಬೇಕಾದದ್ದಲ್ಲ. ಮೇಲಾಗಿ ಗಿಡದ ಸುವಾಸನೆಗೆ ಕಾರಣವಾದ ಲಿಮೊನೀನ್, ಲಿನಲೂಲ್‌ನಂತಹ ಟರ್ಪೀನ್‌ಗಳು ಗಾಳಿ ತಾಗಿ ಉತ್ಕರ್ಷಣಗೊಂಡಾಗ ಕೆಲವರ ಚರ್ಮಕ್ಕೆ ಅಲರ್ಜಿ ತರುತ್ತವೆ. ಮೊಡವೆಗಾಗಿ ಕೊಳ್ಳುವುದಾದರೆ ಐಸೊಲೇಟ್ ಇರುವುದನ್ನೇ ಆರಿಸಿ.

ನಾಲ್ಕನೆಯದು, ಸಿಬಿಡಿಯನ್ನು ಹೊತ್ತು ತರುವ ಎಣ್ಣೆ. ಸಿಬಿಡಿ ನೀರಿನಲ್ಲಿ ಕರಗುವುದಿಲ್ಲ. ಅದನ್ನು ಯಾವುದಾದರೂ ಎಣ್ಣೆಯಲ್ಲಿಯೋ ಆಲ್ಕೊಹಾಲಿನಲ್ಲಿಯೋ ಕರಗಿಸಲೇಬೇಕು. ತೆಂಗಿನ ಎಣ್ಣೆ, ಕೊಕೊ ಬೆಣ್ಣೆಯಂತಹವು ರೋಮಕೂಪಗಳನ್ನು ಮುಚ್ಚುವ ಸ್ವಭಾವದವು. ಅವುಗಳಲ್ಲಿ ಕರಗಿಸಿದ ಸಿಬಿಡಿಯನ್ನು ಹಚ್ಚಿ ಮೊಡವೆ ಹೆಚ್ಚಾಯಿತೆಂದು ಸಿಬಿಡಿಯನ್ನು ದೂರುವವರಿದ್ದಾರೆ, ತಪ್ಪು ಎಣ್ಣೆಯದ್ದಾಗಿರಬಹುದು. ನಾಲಿಗೆಯಡಿ ಹಾಕಿಕೊಳ್ಳಲು ಮಾರುವ ಹನಿಗಳನ್ನು ಮುಖಕ್ಕೆ ಹಚ್ಚುವುದೂ ಸಾಮಾನ್ಯವಾದ ತಪ್ಪು. ಅವುಗಳಲ್ಲಿ ಸಿಹಿ, ಪುದೀನ ಮತ್ತು ಇತರ ರುಚಿಕಾರಕಗಳಿರುತ್ತವೆ. ಸ್ಕ್ವಾಲೇನ್ ಎಂಬ ಹಗುರವಾದ ಎಣ್ಣೆಯನ್ನು ಆಧರಿಸಿದ ಸೀರಮ್ ಅಥವಾ ನೀರಿನಂಶ ಹೆಚ್ಚಿರುವ ಜೆಲ್ ಮೊಡವೆಯ ಚರ್ಮಕ್ಕೆ ಹೆಚ್ಚು ಹೊಂದುತ್ತದೆ. ನಾನ್‌ಕಾಮೆಡೋಜೆನಿಕ್, ಅಂದರೆ ರೋಮಕೂಪ ಮುಚ್ಚದಂಥದ್ದು, ಎಂಬ ಪದ ಬಾಟಲಿಯ ಮೇಲಿದ್ದರೆ ಒಳ್ಳೆಯದೇ, ಆದರೆ ಆ ಪದಕ್ಕೆ ಎಲ್ಲರೂ ಒಪ್ಪಿದ ಒಂದೇ ಮಾನದಂಡವಿಲ್ಲ.

ಐದನೆಯದು ಪರೀಕ್ಷಾ ವರದಿ. ತಯಾರಕರಿಗೆ ಸಂಬಂಧಿಸದ ಪ್ರಯೋಗಾಲಯವೊಂದು ಆ ಬ್ಯಾಚನ್ನು, ಅಂದರೆ ಒಂದೇ ಸಲಕ್ಕೆ ತಯಾರಾದ ಸರಕನ್ನು, ಪರೀಕ್ಷಿಸಿ ಕೊಡುವ ವಿಶ್ಲೇಷಣಾ ಪ್ರಮಾಣಪತ್ರವಿದು. ಸಾಮಾನ್ಯವಾಗಿ ಸಿಒಎ ಎಂದು ಕರೆಯುತ್ತಾರೆ. ಇದನ್ನು ಕೇಳಲು ಸಂಕೋಚಪಡಬೇಡಿ. 2017ರಲ್ಲಿ ಅಮೆರಿಕದ ಸಂಶೋಧಕರು ಆನ್‌ಲೈನ್‌ನಲ್ಲಿ ಕೊಂಡ 84 ಸಿಬಿಡಿ ಉತ್ಪನ್ನಗಳನ್ನು ಪರೀಕ್ಷಿಸಿದಾಗ 26ರಲ್ಲಿ ಮಾತ್ರ ಲೇಬಲ್ಲಿನ ಪ್ರಮಾಣ ಸರಿಯಿತ್ತು, 18ರಲ್ಲಿ ಟಿಎಚ್‌ಸಿ ಸಿಕ್ಕಿತು. ಚರ್ಮಕ್ಕೆ ಹಚ್ಚುವ ಉತ್ಪನ್ನಗಳನ್ನೇ ಕುರಿತು ಜಾನ್ಸ್ ಹಾಪ್ಕಿನ್ಸ್ ಸಂಶೋಧಕರು 2022ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿಯೂ, ಪ್ರಮಾಣ ನಮೂದಿಸಿದ್ದ ಉತ್ಪನ್ನಗಳ ಪೈಕಿ ಸರಿಯಾಗಿದ್ದವು ನಾಲ್ಕರಲ್ಲಿ ಒಂದರಷ್ಟು. ಪರೀಕ್ಷಿಸಿದ 105 ಉತ್ಪನ್ನಗಳಲ್ಲಿ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚಿನವುಗಳಲ್ಲಿ ಟಿಎಚ್‌ಸಿ ಇತ್ತು.

ವರದಿಯಲ್ಲಿ ನೋಡಬೇಕಾದದ್ದು ಇಷ್ಟು. ವರದಿಯ ಬ್ಯಾಚ್ ಸಂಖ್ಯೆ ನಿಮ್ಮ ಬಾಟಲಿಯ ಸಂಖ್ಯೆಗೆ ಹೊಂದಬೇಕು; ಹೊಂದದ ವರದಿ ನಿಮ್ಮ ಬಾಟಲಿಯದ್ದಲ್ಲ. ಪ್ರಯೋಗಾಲಯ ಐಎಸ್‌ಒ 17025 ಮಾನ್ಯತೆ ಪಡೆದಿರಬೇಕು, ಇದು ಪರೀಕ್ಷಾಲಯಗಳ ಸಾಮರ್ಥ್ಯಕ್ಕೆ ಸಂಬಂಧಿಸಿದ ಅಂತರರಾಷ್ಟ್ರೀಯ ಮಾನದಂಡ. ಸಿಬಿಡಿಯ ಪ್ರಮಾಣ ಲೇಬಲ್ಲಿಗೆ ಹತ್ತಿರವಿರಬೇಕು. ಟಿಎಚ್‌ಸಿಯ ಎದುರು ಎನ್‌ಡಿ ಎಂದಿದ್ದರೆ, ಪತ್ತೆಯಾಗಿಲ್ಲ ಎಂದರ್ಥ. ಸಿಬಿಡಿ ಪ್ರಮಾಣದ ಒಂದೇ ಒಂದು ಸಾಲಿರುವ ವರದಿ ಸಾಲದು. ಸೀಸ, ಕ್ಯಾಡ್ಮಿಯಂನಂತಹ ಭಾರಲೋಹಗಳು, ಕೀಟನಾಶಕಗಳು, ಉಳಿದುಕೊಂಡ ದ್ರಾವಕಗಳು ಮತ್ತು ಸೂಕ್ಷ್ಮಜೀವಿಗಳ ಪರೀಕ್ಷೆಯೂ ಇರಬೇಕು. ಗಾಂಜಾ ಗಿಡ ಮಣ್ಣಿನಲ್ಲಿರುವ ಭಾರಲೋಹಗಳನ್ನು ಚೆನ್ನಾಗಿ ಹೀರಿಕೊಳ್ಳುವ ಜಾತಿಯದ್ದಾದ್ದರಿಂದ ಈ ಸಾಲುಗಳು ವ್ಯರ್ಥವಲ್ಲ.

3. ಕಾನೂನು ಮತ್ತು ಉದ್ಯೋಗದ ನಿಯಮಗಳನ್ನು ವಿಚಾರಿಸಿ

ಸಿಬಿಡಿಯ ಕಾನೂನು ದೇಶದಿಂದ ದೇಶಕ್ಕೆ ಬೇರೆ, ಕೆಲವೆಡೆ ಒಂದೇ ದೇಶದ ರಾಜ್ಯಗಳ ನಡುವೆಯೂ ಬೇರೆ. ಒಂದು ಕಡೆ ಅಂಗಡಿಯಲ್ಲಿ ಮುಕ್ತವಾಗಿ ಸಿಗುವ ಬಾಟಲಿ ಇನ್ನೊಂದು ಕಡೆ ಮಾದಕ ವಸ್ತುವೆಂದು ಪರಿಗಣಿತವಾಗಬಹುದು, ಆದ್ದರಿಂದ ಪ್ರಯಾಣದ ಚೀಲದಲ್ಲಿ ಅದನ್ನು ಇಡುವ ಮುನ್ನ ಹೋಗುವ ಸ್ಥಳದ ನಿಯಮವನ್ನು ತಿಳಿದುಕೊಳ್ಳಿ. ಕ್ರೀಡಾಪಟುಗಳು ಇನ್ನೊಂದು ಸಂಗತಿಯನ್ನು ಗಮನಿಸಬೇಕು: ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆ 2018ರಲ್ಲಿ ಸಿಬಿಡಿಯನ್ನು ನಿಷೇಧಿತ ವಸ್ತುಗಳ ಪಟ್ಟಿಯಿಂದ ಕೈಬಿಟ್ಟಿದೆ, ಆದರೆ ಸ್ಪರ್ಧೆಯ ವೇಳೆ ಟಿಎಚ್‌ಸಿ ನಿಷಿದ್ಧವಾಗಿಯೇ ಇದೆ. ಮಾದಕ ವಸ್ತು ಪರೀಕ್ಷೆಗೆ ಒಳಗಾಗುವ ಉದ್ಯೋಗದಲ್ಲಿರುವವರು ಫುಲ್ ಸ್ಪೆಕ್ಟ್ರಮ್ ಉತ್ಪನ್ನಗಳಿಂದ ದೂರವಿರುವುದೇ ಕ್ಷೇಮ.

4. ಮೊದಲು ತೋಳಿನ ಮೇಲೆ ಪರೀಕ್ಷಿಸಿ

ಮುಂಗೈಯ ಒಳಭಾಗದಲ್ಲಿ ಅಥವಾ ಮೊಣಕೈ ಮಡಿಕೆಯ ಬಳಿ, ನಾಣ್ಯದಗಲ ಜಾಗದಲ್ಲಿ, ದಿನಕ್ಕೆ ಎರಡು ಬಾರಿ, ಏಳರಿಂದ ಹತ್ತು ದಿನ ಹಚ್ಚಿ. ಒಂದೇ ದಿನದ ಪರೀಕ್ಷೆ ಸಾಕೆಂದು ಹೇಳುವವರ ಮಾತನ್ನು ನಂಬಬೇಡಿ. ಸಂಪರ್ಕದಿಂದ ಬರುವ ಅಲರ್ಜಿ ಅನೇಕ ಸಲ ಕೆಲವು ದಿನಗಳ ನಂತರವೇ ತಲೆದೋರುತ್ತದೆ. ತುರಿಕೆ, ದದ್ದು, ಊತ ಕಂಡರೆ ತೊಳೆದುಬಿಡಿ, ಆ ಉತ್ಪನ್ನವನ್ನು ಮುಖದ ಹತ್ತಿರಕ್ಕೂ ತರಬೇಡಿ.

5. ಈಗಿನ ಸ್ಥಿತಿಯನ್ನು ದಾಖಲಿಸಿ

ಮೊಡವೆ ತಾನಾಗಿಯೇ ಏರುತ್ತದೆ, ತಾನಾಗಿಯೇ ಇಳಿಯುತ್ತದೆ. ನಾವು ಹೊಸ ಔಷಧವನ್ನು ಹುಡುಕಿ ಹೊರಡುವುದು ಸಾಮಾನ್ಯವಾಗಿ ಅದು ಅತಿ ಕೆಟ್ಟದಾಗಿರುವ ವಾರದಲ್ಲಿ, ಹಾಗಾಗಿ ಏನನ್ನು ಹಚ್ಚಿದರೂ ಮುಂದಿನ ವಾರಗಳಲ್ಲಿ ಸ್ವಲ್ಪ ಸುಧಾರಣೆ ಕಾಣುವುದು ಸಹಜ. 2019ರ ಪರೀಕ್ಷೆಯಲ್ಲಿ ಬರಿಯ ದ್ರಾವಣ ಹಚ್ಚಿದವರಿಗೂ ಗುಣ ಕಂಡಿತಲ್ಲ, ಅದರ ಹಿಂದೆಯೂ ಇಂತಹ ಕಾರಣಗಳು ಇರಬಲ್ಲವು. ನೆನಪನ್ನು ನೆಚ್ಚಿಕೊಳ್ಳದೆ, ಪ್ರಾರಂಭಕ್ಕೆ ಮುನ್ನ ಎರಡು ವಾರ, ವಾರಕ್ಕೊಮ್ಮೆ, ಒಂದೇ ಕಿಟಕಿಯ ಬೆಳಕಿನಲ್ಲಿ, ಒಂದೇ ಹೊತ್ತಿಗೆ ಮುಖದ ಮೂರು ಚಿತ್ರ ತೆಗೆಯಿರಿ: ಎದುರಿನಿಂದ ಒಂದು, ಎರಡೂ ಕೆನ್ನೆಗಳದ್ದು ಒಂದೊಂದು. ಕೆಂಪು ಗುಳ್ಳೆಗಳನ್ನೂ ಕಪ್ಪು ಬಿಳಿ ಚುಕ್ಕೆಗಳನ್ನೂ ಬೇರೆ ಬೇರೆಯಾಗಿ ಎಣಿಸಿ ಬರೆದಿಡಿ. ಸಿಬಿಡಿಯ ಪರಿಣಾಮವೇನಾದರೂ ಇದ್ದರೆ ಮೊದಲು ಕೆಂಪು ಗುಳ್ಳೆಗಳಲ್ಲಿ ಹುಡುಕಬೇಕೇ ಹೊರತು ಬ್ಲ್ಯಾಕ್‌ಹೆಡ್‌ಗಳಲ್ಲಿ ಅಲ್ಲ, ಏಕೆಂದರೆ ಮುಚ್ಚಿದ ರೋಮಕೂಪವನ್ನು ತೆರೆಯುವ ಗುಣ ಅದಕ್ಕಿದೆಯೆಂದು ಯಾರೂ ತೋರಿಸಿಲ್ಲ. ಮಹಿಳೆಯರು ಮುಟ್ಟಿನ ದಿನಗಳನ್ನೂ ಗುರುತು ಹಾಕಿಕೊಳ್ಳಬೇಕು. ಅದಕ್ಕೆ ಮುಂಚಿನ ವಾರದಲ್ಲಿ ಅನೇಕರಿಗೆ ಮೊಡವೆ ಹೆಚ್ಚುತ್ತದೆ.

ಸಾಧ್ಯವಾದರೆ ಮೊದಲ ಆರು ವಾರ ಮುಖದ ಒಂದೇ ಪಕ್ಕಕ್ಕೆ ಸಿಬಿಡಿ ಹಚ್ಚಿ, ಇನ್ನೊಂದು ಪಕ್ಕಕ್ಕೆ ಉಳಿದೆಲ್ಲವನ್ನೂ ಮಾಮೂಲಿನಂತೆ ಮಾಡಿ. ಚರ್ಮರೋಗ ಸಂಶೋಧಕರೂ ಈ ಅರ್ಧಮುಖದ ಕ್ರಮವನ್ನು ಬಳಸುತ್ತಾರೆ. ನಿಮ್ಮ ಚರ್ಮದ ಮೇಲೆ ಸಿಬಿಡಿ ಏನು ಮಾಡುತ್ತಿದೆ ಎಂಬುದಕ್ಕೆ ಇದಕ್ಕಿಂತ ಪ್ರಾಮಾಣಿಕವಾದ ಉತ್ತರ ಮನೆಯಲ್ಲಿ ಸಿಗುವುದು ಕಷ್ಟ.

6. ಹಚ್ಚುವ ಕ್ರಮ

ಮೊದಲ ವಾರ ರಾತ್ರಿ ಒಂದು ಸಲ ಮಾತ್ರ ಹಚ್ಚಿ. ಮೃದುವಾದ ಫೇಸ್‌ವಾಶ್‌ನಿಂದ ಮುಖ ತೊಳೆದು, ಟವೆಲಿನಿಂದ ಉಜ್ಜದೆ ಒತ್ತಿ ಒರೆಸಿ. ನೀರಿನಂತಹ ಜೆಲ್ ಆದರೆ ಮಾಯಿಶ್ಚರೈಸರ್‌ಗೆ ಮೊದಲು, ಎಣ್ಣೆಯಾದರೆ ಅದರ ನಂತರ ಹಚ್ಚಬೇಕು. ಇಡೀ ಮುಖಕ್ಕೆ ಎರಡು ಮೂರು ಹನಿ ಸಾಕು, ಕ್ರೀಮ್ ಆದರೆ ಬಟಾಣಿಯಷ್ಟು. ಈಗ ಎದ್ದಿರುವ ಗುಳ್ಳೆಯ ಮೇಲೆ ಮಾತ್ರ ಚುಕ್ಕೆಯಿಡುವುದಕ್ಕಿಂತ ಮೊಡವೆ ಬರುವ ಪ್ರದೇಶಕ್ಕೆಲ್ಲ ತೆಳುವಾಗಿ ಹರಡಿ; ಮುಂದಿನ ಗುಳ್ಳೆ ಈಗಾಗಲೇ ಕಣ್ಣಿಗೆ ಕಾಣದಂತೆ ಅಲ್ಲಿಯೇ ರೂಪುಗೊಳ್ಳುತ್ತಿರುತ್ತದೆ. ಕಣ್ಣಿನ ರೆಪ್ಪೆ, ತುಟಿಯ ಅಂಚು, ಹಿಸುಕಿ ಗಾಯವಾದ ಜಾಗಗಳಿಗೆ ತಾಗಿಸಬೇಡಿ. ಒಂದು ವಾರ ತೊಂದರೆಯಿಲ್ಲದೆ ಕಳೆದರೆ, ಉತ್ಪನ್ನದ ಸೂಚನೆಯಲ್ಲಿಯೂ ಹಾಗೆಯೇ ಇದ್ದರೆ, ಬೆಳಗ್ಗೆಯೂ ಹಚ್ಚಬಹುದು; ಅದರ ಮೇಲೆ ಸನ್‌ಸ್ಕ್ರೀನ್ ಕಡ್ಡಾಯ. ಹೆಚ್ಚು ಹಚ್ಚಿದರೆ ಬೇಗ ಗುಣವಾಗುತ್ತದೆ ಎಂಬ ಆತುರ ಬೇಡ, ಹೆಚ್ಚಿನ ಎಣ್ಣೆ ಚರ್ಮದ ಮೇಲೆ ಕುಳಿತು ಧೂಳು ಹಿಡಿಯುತ್ತದೆ ಅಷ್ಟೆ.

ಇತರ ಔಷಧಗಳ ಜೊತೆ ಹೇಗೆ ಹೊಂದಿಸಬೇಕು ಎಂಬುದು ಹೆಚ್ಚು ಕೇಳಿಬರುವ ಪ್ರಶ್ನೆ. ಬೆಂಜಾಯ್ಲ್ ಪೆರಾಕ್ಸೈಡ್ ಮೊಡವೆಯ ಬ್ಯಾಕ್ಟೀರಿಯವನ್ನು ಕೊಲ್ಲುವ ಔಷಧ ಮತ್ತು ಪ್ರಬಲವಾದ ಉತ್ಕರ್ಷಕ. ಸಿಬಿಡಿ ಉತ್ಕರ್ಷಣೆಯಿಂದ ಕೆಡುವ ವಸ್ತು. ಎರಡನ್ನೂ ಒಟ್ಟಿಗೆ ಹಚ್ಚದೆ ಒಂದನ್ನು ಬೆಳಗ್ಗೆ, ಇನ್ನೊಂದನ್ನು ರಾತ್ರಿ ಇಟ್ಟುಕೊಳ್ಳಿ. ಅಡಾಪಲೀನ್ ವಿಟಮಿನ್ ಎ ಕುಲದ ಔಷಧ, ಮುಚ್ಚಿದ ರೋಮಕೂಪಗಳನ್ನು ತೆರೆಯುತ್ತದೆ. ಅದನ್ನು ರಾತ್ರಿ ಹಚ್ಚುತ್ತಿದ್ದರೆ ಸಿಬಿಡಿಯನ್ನು ಬೆಳಗ್ಗೆಗೆ ವರ್ಗಾಯಿಸಿ. ಸ್ಯಾಲಿಸಿಲಿಕ್ ಆಮ್ಲದ ಫೇಸ್‌ವಾಶ್ ಬಳಸುತ್ತಿದ್ದರೆ ಮುಂದುವರಿಸಬಹುದು. ಮುಖ್ಯವಾದ ನಿಯಮವೆಂದರೆ, ಈ ಅವಧಿಯಲ್ಲಿ ಸಿಬಿಡಿಯನ್ನು ಬಿಟ್ಟು ಬೇರಾವ ಹೊಸ ವಸ್ತುವನ್ನೂ ಸೇರಿಸಬಾರದು. ಒಂದೇ ವಾರದಲ್ಲಿ ಮೂರು ಬಾಟಲಿ ಪ್ರಾರಂಭಿಸಿದವರಿಗೆ ಗುಣವಾದರೂ ಕೆಟ್ಟರೂ ಅದು ಯಾವುದರಿಂದ ಎಂದು ಎಂದಿಗೂ ತಿಳಿಯುವುದಿಲ್ಲ.

ಬಾಟಲಿ ಗಾಢಬಣ್ಣದ ಗಾಜಿನದ್ದಾಗಿದ್ದು, ಮುಚ್ಚಳ ಬಿಗಿಯಾಗಿರಲಿ. ಬೆಳಕು, ಶಾಖ, ಗಾಳಿ ಮೂರೂ ಸಿಬಿಡಿಯನ್ನು ಕೆಡಿಸುತ್ತವೆ, ಆದ್ದರಿಂದ ಸ್ನಾನದ ಮನೆಯ ಕಿಟಕಿಯ ಬದಲು ತಂಪಾದ ಕಪಾಟಿನಲ್ಲಿ ಇಡಿ. ಬಣ್ಣ ಗಾಢವಾಗಿ ಬದಲಾಗಿ ಕಮಟು ವಾಸನೆ ಬಂದರೆ ಎಸೆಯಿರಿ.

7. ಕಾಯುವುದು, ಅಳೆಯುವುದು, ತೀರ್ಮಾನಿಸುವುದು

ಒಂದು ಮೊಡವೆ ಒಳಗೊಳಗೇ ರೂಪುಗೊಂಡು ಹೊರಗೆ ಕಾಣಿಸಲು ವಾರಗಳೇ ಹಿಡಿಯುತ್ತವೆ. ಹಾಗಾಗಿ ಯಾವುದೇ ಮೊಡವೆ ಚಿಕಿತ್ಸೆಯನ್ನು ಆರರಿಂದ ಎಂಟು ವಾರಕ್ಕೆ ಮುಂಚೆ ಅಳೆಯಬಾರದು. ಸಿಬಿಡಿಗೆ 12 ವಾರದ ಗಡುವು ಇಡಿ. ಆರನೆಯ ವಾರದಲ್ಲಿ ಎರಡು ಕೆನ್ನೆಗಳ ಚಿತ್ರಗಳನ್ನು ಪಕ್ಕಪಕ್ಕ ಇಟ್ಟು, ಯಾವ ಕೆನ್ನೆ ಯಾವುದೆಂದು ತಿಳಿಯದ ಮನೆಯವರೊಬ್ಬರಿಗೆ ತೋರಿಸಿ ಕೇಳಿ. ಅವರಿಗೆ ವ್ಯತ್ಯಾಸ ಕಾಣಿಸಿದರೆ ಉಳಿದ ಆರು ವಾರ ಎರಡೂ ಪಕ್ಕಕ್ಕೆ ಹಚ್ಚಿ. ಕಾಣಿಸದಿದ್ದರೆ ಒಂದೇ ಪಕ್ಕದ ಕ್ರಮವನ್ನು 12ನೆಯ ವಾರದವರೆಗೆ ಮುಂದುವರಿಸಿ; ಆಗಲೂ ಎಣಿಕೆಯಲ್ಲಿ ವ್ಯತ್ಯಾಸವಿಲ್ಲದಿದ್ದರೆ ಬಾಟಲಿಯನ್ನು ಅಲ್ಲಿಗೆ ಮುಗಿಸಿ, ಇನ್ನೊಂದನ್ನು ಕೊಳ್ಳಬೇಡಿ.

ಇಲ್ಲೊಂದು ಮಾತನ್ನು ಒತ್ತಿ ಹೇಳಬೇಕು. ಹಚ್ಚಿದ ಮೇಲೆ ಗುಳ್ಳೆಗಳು ಹೆಚ್ಚಾದರೆ, ಇದು ಪರ್ಜಿಂಗ್, ಒಳಗಿನದ್ದೆಲ್ಲ ಹೊರಬರುತ್ತಿದೆ, ಮುಂದುವರಿಸಿ ಎಂದು ಮಾರುವವರು ಧೈರ್ಯ ಹೇಳುತ್ತಾರೆ. ಪರ್ಜಿಂಗ್ ಎಂಬುದು ಚರ್ಮದ ಕೋಶಗಳ ಉದುರುವಿಕೆಯನ್ನು ಚುರುಕುಗೊಳಿಸುವ ಅಡಾಪಲೀನ್‌ನಂತಹ ಔಷಧಗಳಲ್ಲಿ, ಕೆಲವು ಆಮ್ಲಗಳಲ್ಲಿ ಕಾಣಬಹುದಾದ ತಾತ್ಕಾಲಿಕ ಸ್ಥಿತಿ. ಸಿಬಿಡಿ ಆ ಕೆಲಸ ಮಾಡುತ್ತದೆ ಎಂಬುದಕ್ಕೆ ಆಧಾರವಿಲ್ಲ. ಸಿಬಿಡಿಯಿಂದ ಮೊಡವೆ ಹೆಚ್ಚಾದರೆ ಅದು ಎಣ್ಣೆ ಹೊಂದದ ಅಥವಾ ಚರ್ಮ ಕೆರಳಿದ ಸೂಚನೆ, ನಿಲ್ಲಿಸಿ.

ಕುಡಿಯುವ ಸಿಬಿಡಿ ಬೇಡ

ಹಚ್ಚಿದರೆ ಆಗದ್ದು ಕುಡಿದರೆ ಆಗಬಹುದೆಂದು ಕೆಲವರು ಹನಿ, ಮಾತ್ರೆಗಳ ಕಡೆಗೆ ತಿರುಗುತ್ತಾರೆ. ಮೊಡವೆಗಾಗಿ ಇದನ್ನು ನಾನು ಖಂಡಿತವಾಗಿ ಬೇಡವೆನ್ನುತ್ತೇನೆ. ಹೊಟ್ಟೆಗೆ ತೆಗೆದುಕೊಂಡ ಸಿಬಿಡಿಯನ್ನು ಯಕೃತ್ತು ವಿಭಜಿಸುತ್ತದೆ, ಮತ್ತು ಹೆಚ್ಚಿನ ಪ್ರಮಾಣದಲ್ಲಿ ಯಕೃತ್ತಿನ ಕಿಣ್ವಗಳು ರಕ್ತದಲ್ಲಿ ಏರುವುದು ಅಪಸ್ಮಾರದ ರೋಗಿಗಳ ಪರೀಕ್ಷೆಗಳಲ್ಲಿಯೇ ಕಂಡುಬಂದಿದೆ. ಅನೇಕ ಔಷಧಗಳನ್ನು ವಿಭಜಿಸುವ ಕಿಣ್ವಗಳ ಕೆಲಸಕ್ಕೂ ಅದು ಅಡ್ಡಬರುತ್ತದೆ; ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್‌ನ ಮಟ್ಟ ಇದರಿಂದ ಏರಬಲ್ಲದು. ತೀವ್ರ ಮೊಡವೆಗೆ ಕೊಡುವ ಐಸೊಟ್ರೆಟಿನಾಯಿನ್ ಮಾತ್ರೆಯನ್ನು ತೆಗೆದುಕೊಳ್ಳುವವರ ಯಕೃತ್ತನ್ನು ವೈದ್ಯರು ರಕ್ತಪರೀಕ್ಷೆಯ ಮೂಲಕ ಗಮನಿಸುತ್ತಿರುತ್ತಾರೆ. ಅದರ ಜೊತೆಗೆ ಅವರಿಗೆ ತಿಳಿಸದೆ ಸಿಬಿಡಿಯನ್ನು ಸೇವಿಸುವುದು ಅಪಾಯಕ್ಕೆ ಎಡೆಮಾಡಿಕೊಡುತ್ತದೆ.

ವೈದ್ಯರನ್ನು ಯಾವಾಗ ಕಾಣಬೇಕು

ಮುಖ ಊದಿಕೊಂಡರೆ ಅಥವಾ ಉಸಿರಾಟಕ್ಕೆ ತೊಂದರೆಯಾದರೆ ತಕ್ಷಣ ತುರ್ತು ಚಿಕಿತ್ಸೆಗೆ ಹೋಗಿ. ಗುಳ್ಳೆಗಳು ಆಳವಾಗಿ ಗಂಟುಕಟ್ಟಿದರೆ, ಕಲೆ ಅಥವಾ ಗುಳಿ ಉಳಿಯತೊಡಗಿದರೆ, ಮಹಿಳೆಯರಲ್ಲಿ ಮುಟ್ಟಿನ ಏರುಪೇರು ಮತ್ತು ಗದ್ದದ ಮೇಲಿನ ಕೂದಲಿನ ಜೊತೆಗೆ ಮೊಡವೆ ಹಠಾತ್ತಾಗಿ ಹೆಚ್ಚಿದರೆ, ಅಥವಾ ಮೊಡವೆಯಿಂದಾಗಿ ಜನರೊಡನೆ ಬೆರೆಯುವುದಕ್ಕೇ ಮನಸ್ಸಾಗದಿದ್ದರೆ 12 ವಾರ ಕಾಯಬೇಡಿ. ಹೋಗುವಾಗ ಸಿಬಿಡಿ ಬಾಟಲಿಯನ್ನು ಮುಚ್ಚಿಡದೆ ಜೊತೆಗೆ ಒಯ್ಯಿರಿ. ಪರೀಕ್ಷಾ ವರದಿ, ವಾರವಾರದ ಚಿತ್ರಗಳು, ಎಣಿಕೆಯ ಪುಸ್ತಕ ಮತ್ತು ನೀವು ತೆಗೆದುಕೊಳ್ಳುತ್ತಿರುವ ಎಲ್ಲ ಔಷಧಗಳ ಪಟ್ಟಿಯೂ ಇರಲಿ. ಈವರೆಗೆ ಏನು ಹಚ್ಚಿದ್ದೀರಿ, ಎಷ್ಟು ದಿನ ಹಚ್ಚಿದ್ದೀರಿ ಎಂಬುದು ಬರಹದಲ್ಲಿದ್ದರೆ ಮುಂದಿನ ಔಷಧವನ್ನು ಆರಿಸುವುದು ವೈದ್ಯರಿಗೆ ಬಹಳ ಸುಲಭವಾಗುತ್ತದೆ.